ಇಪ್ಪತ್ತು ನಿಮಿಷದ ನಡುಕ

ಹೊನ್ನಾವರದ ತಂತಿ ಕೋಣೆಯಲ್ಲಿ ನನ್ನ ಕೈ ನಡುಗುತ್ತಿದೆ ಎಂದು ನನಗಿಂತ ಮೊದಲು ಗೊತ್ತಾದದ್ದು ಕುಮಟೆಯಲ್ಲಿ ಕೂತಿದ್ದ ಪಾಂಡುವಿಗೆ.

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಚೇರಿಗಳಿಗೆ ಆಗ ಒಂದೇ ತಂತಿ. ಒಬ್ಬ ಕೀ ಒತ್ತಿದರೆ ಉಳಿದಿಬ್ಬರ ಮೇಜಿನ ಮೇಲೂ ಸೌಂಡರ್ ಕಟಕಟ ಎನ್ನುತ್ತಿತ್ತು. ಚುಕ್ಕೆ, ಗೆರೆ, ನಡುವೆ ಖಾಲಿ. ಕೆಲಸಕ್ಕೆ ಸೇರುವಾಗ ಎಲ್ಲರೂ ಚುಕ್ಕೆ ಗೆರೆ ಕಲಿಯುತ್ತಾರೆ. ಐದಾರು ವರ್ಷ ಕೂತ ಮೇಲೆ ಕಿವಿ ಖಾಲಿಯನ್ನು ಕೇಳತೊಡಗುತ್ತದೆ. ಭಟ್ಕಳದ ಈರ ಬಸ್ಸು ತಪ್ಪಿಹೋಗುತ್ತದೆ ಎನ್ನುವವನಂತೆ ಹೊಡೆಯುತ್ತಿದ್ದ. ಪಾಂಡು ಪ್ರತಿ ಪದದ ಕೊನೆಗೆ ಒಂದು ಉಸಿರಿನಷ್ಟು ನಿಲ್ಲುತ್ತಿದ್ದ. ನನ್ನದು ಸಮ. ಅವರಿಬ್ಬರೂ ನನ್ನದನ್ನು ಗಡಿಯಾರದ ಕೈ ಎಂದು ತಮಾಷೆ ಮಾಡುತ್ತಿದ್ದರು. ನಾನು ಬಾಡ ಎಂಬ ಊರಿನ ಮೀನುಗಾರರ ಮನೆಯವನು, ಆ ಕೇರಿಯಲ್ಲಿ ಬಿ.ಎ. ಮಾಡಿದ ಮೊದಲಿಗ. ಓದಿದ ಮೇಲೆ ಮನೆಯವರೊಡನೆ ಮಾತು ಕಮ್ಮಿಯಾಯಿತು, ಓದಿದವರೊಡನೆ ಮಾತು ಹುಟ್ಟಲೂ ಇಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ನಾವು ಮೂವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಹೊಡೆದು ಹರಟುತ್ತಿದ್ದೆವು. ದಿನವೊಂದರಲ್ಲಿ ನಾನು ಆಡುತ್ತಿದ್ದ ಮಾತಿನ ಬಹುಪಾಲು ಅದೇ.

೧೯೭೯ರ ನವೆಂಬರಿನಲ್ಲಿ, ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮುಂಬಯಿಗೆ ಹೋಗಬೇಕಾದ ತಂತಿಯ ನಡುವೆ ಪಾಂಡು ನನ್ನನ್ನು ತಡೆದ.

"ದಾಸಣ್ಣ, ಎಂತ ಆತು? ಕೈ ಹಾರ್ತದೆ."

ನಾನು ಕೈ ನೋಡಿಕೊಂಡೆ. ಬೆರಳ ತುದಿಗಳು ಕೀಯ ಗುಂಡಿಯ ಮೇಲೆ ತಮ್ಮಷ್ಟಕ್ಕೆ ಅಲುಗುತ್ತಿದ್ದವು. ಕಾಲರಿನೊಳಗೆ ತಣ್ಣನೆ ಬೆವರು. ತುಟಿ ಬೇರೆ ಯಾರದೋ ಎನ್ನುವ ಹಾಗೆ ಜೋಮು ಹಿಡಿದಿತ್ತು. ಹೊಟ್ಟೆಯಲ್ಲಿ ಹಸಿವು, ಅದರ ಹಿಂದೆ ಒಂದು ಭಯ. ಯಾವುದರ ಭಯ ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಎದುರಿನ ಹೋಟೆಲಿನಿಂದ ಚಾ ತರಿಸಿ ನಾಲ್ಕು ಚಮಚ ಸಕ್ಕರೆ ಹಾಕಿ ಕುಡಿದೆ. ಹತ್ತು ನಿಮಿಷದಲ್ಲಿ ಎಲ್ಲ ಇಳಿಯಿತು. ತಂತಿ ಮುಗಿಸಿದೆ.

ನನಗೆ ಸಕ್ಕರೆ ಕಾಯಿಲೆ ಎಂದು ತಿಳಿದು ಆಗ ಒಂದೂವರೆ ತಿಂಗಳು. ಒಂದೇ ವರ್ಷದಲ್ಲಿ ಕನ್ನಡಕದ ನಂಬರು ಮೂರು ಸಲ ಬದಲಾಯಿತು, ಕನ್ನಡಕದವನೇ ರಕ್ತ ಪರೀಕ್ಷೆ ಮಾಡಿಸಿ ಎಂದ. ಮುನ್ನೂರ ನಲವತ್ತು ಬಂತು. ಐದಾರು ವರ್ಷಗಳಿಂದಲೇ ಇರಬೇಕು ಎಂದರು ಡಾಕ್ಟರು. ಎಡಗಾಲಿನ ಪಾದ ಅರ್ಧ ಸತ್ತಿತ್ತು, ಸೂಜಿ ಚುಚ್ಚಿದರೆ ಚುಚ್ಚಿದ್ದು ಕಾಣುತ್ತಿತ್ತು, ಅಷ್ಟೆ. ನನ್ನ ಅಣ್ಣ ದೇವಪ್ಪನಿಗೂ ಹೀಗೇ ಇತ್ತು. ಅವನು ಬಲೆ ಎಳೆಯುವಾಗ ಕಾಲಿಗೆ ಚಿಪ್ಪು ಕೊಯ್ದದ್ದು ತಿಳಿಯದೆ ಎರಡು ದಿನ ಓಡಾಡಿದ. ಮೊದಲು ಬೆರಳು ಹೋಯಿತು, ಆಮೇಲೆ ಮೊಣಕಾಲಿನ ಕೆಳಗಿನದು, ಆಮೇಲೆ ಅವನು. ಡಾಕ್ಟರು ಮಾತ್ರೆ ಬರೆದು, ಅನ್ನ ಅಳತೆ ಮಾಡಿ, ಸಕ್ಕರೆ ಇಳಿದರೆ ಕಾಲು ಉಳಿಯುತ್ತದೆ ಎಂದರು. ಇಳಿದೇ ಇಳಿಯುತ್ತದೆ, ಆದರೆ ತೀರಾ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಆಗ ಸಿಹಿ ತಿನ್ನಿ ಎಂದೂ ಹೇಳಿದ್ದರು.

ಹಾಗಾಗಿ ಮೇಜಿನ ಡ್ರಾಯರಿನಲ್ಲಿ ಬೆಲ್ಲ ಇಟ್ಟುಕೊಂಡೆ. ದಿನವೂ ಹನ್ನೊಂದಕ್ಕೆ ನಡುಕ, ದಿನವೂ ಬೆಲ್ಲ.

ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡುತ್ತಿದ್ದವಳು ಹೆಂಡತಿ ಗಂಗಿ. ನಳಿಗೆಯಲ್ಲಿ ನೀಲಿ ಔಷಧ, ಅದಕ್ಕೆ ಎಂಟು ಹನಿ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಇಟ್ಟಿಗೆ ಕೆಂಪು ಎಂದು ಕೆಟ್ಟದ್ದು ಏರುತ್ತ ಹೋಗುತ್ತದೆ.

"ಹದಿನೆಂಟು ವರ್ಷ ನಿಮ್ಗೆ ಮೀನ್ ಸಾರು ಕುದ್ಸಿದೆ," ಎಂದಳು ಒಂದು ದಿನ, ನಳಿಗೆಯನ್ನು ಬೆಳಕಿಗೆ ಹಿಡಿದು. "ಈಗ ಇದನ್ನ ಕುದ್ಸುದು. ಇದ್ರಷ್ಟು ಹದ ಅದ್ಕೂ ನೋಡಿರ್ಲಿಲ್ಲ."

"ಎಂತ ಬಣ್ಣ?"

"ಬೆಳಿಗ್ಗೆ ನೀಲಿ. ಈಗ ಸಂಜಿಗೆ ಹಳದಿ. ಹಗಲಲ್ಲಿ ಎಂತ ತಿಂತ್ರಿ?"

ನಾನು ಹೇಳಿದೆ. ಅವಳು ನಳಿಗೆ ತೊಳೆದಿಟ್ಟಳು. "ಡಾಕ್ಟ್ರಿಗೆ ಹೇಳಿ. ನಂಗೆ ಹೇಳಿ ಎಂತ ಆತದೆ," ಎಂದಳು.

ಡಾಕ್ಟರು ಒಂದು ಉಪಾಯ ಹೇಳಿದರು. ನಡುಕ ಬಂದ ಕೂಡಲೇ ಏನೂ ತಿನ್ನದೆ ನೇರ ದವಾಖಾನೆಗೆ ಬರಬೇಕು, ಆಗಲೇ ರಕ್ತ ತೆಗೆಯಬೇಕು. ದವಾಖಾನೆ ಕಚೇರಿಯಿಂದ ನಾಲ್ಕು ಅಂಗಡಿ ಆಚೆ. ಮರುದಿನ ಹನ್ನೊಂದಕ್ಕೆ ಪಾಂಡುವಿಗೆ ತಾಳು ಎನ್ನುವ ಸಂಜ್ಞೆ ಹೊಡೆದು ಎದ್ದು ಹೋದೆ. ಗೋಡೆ ಹಿಡಿದು ಹೋದೆ ಎನ್ನಬೇಕು. ರಕ್ತ ತೆಗೆಯುವಾಗ ಕಾಂಪೌಂಡರ್ ನನ್ನ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿಯಬೇಕಾಯಿತು. ಲೆಕ್ಕ ಬರಲು ಒಂದು ತಾಸು. ಅಷ್ಟರೊಳಗೆ, ಏನೂ ತಿನ್ನದೆಯೇ, ನಡುಕ ತಾನಾಗಿ ಹೋಗಿತ್ತು.

"ನೂರಾ ಹದಿನೆಂಟು," ಎಂದರು ಡಾಕ್ಟರು.

"ಕಮ್ಮಿಯಾ?"

"ಸರಿಯಾಗಿದೆ. ನನ್ನದೂ ಅಷ್ಟೇ ಇರಬಹುದು."

ಅವರು ಚೀಟಿಯನ್ನು ನನ್ನ ಕಡೆ ತಿರುಗಿಸಿದರು. ನಾನು ಅಂಕಿಯನ್ನು ನೋಡಿದೆ. ಅದರಲ್ಲಿ ಬೆವರಾಗಲಿ ಭಯವಾಗಲಿ ಇರಲಿಲ್ಲ.

"ನಡುಕ ಬಂದದ್ದು ನಿಜ," ಎಂದರು ಅವರು. "ಆದರೆ ಸಕ್ಕರೆ ಕಮ್ಮಿಯಾಗಿ ಬಂದದ್ದಲ್ಲ. ನಿಮ್ಮ ದೇಹ ವರ್ಷಗಟ್ಟಲೆ ಮುನ್ನೂರರಲ್ಲಿ ಬದುಕಿದೆ. ಈಗ ನೂರಾ ಹದಿನೆಂಟಕ್ಕೆ ತಂದರೆ ಅದಕ್ಕೆ ಹಾಳುಬಾವಿಗೆ ಬಿದ್ದ ಹಾಗೆ. ಬೆಲ್ಲ ತಿಂದರೆ ಅದು ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ. ತಿನ್ನಬೇಡಿ. ಕೂತುಕೊಳ್ಳಿ. ಇಪ್ಪತ್ತು ನಿಮಿಷ. ಎರಡು ತಿಂಗಳಲ್ಲಿ ಕಲಿಯುತ್ತದೆ. ಮಾತು ತೊದಲಿದರೆ, ಕಣ್ಣು ಕತ್ತಲೆ ಬಂದರೆ ಮಾತ್ರ ತಿನ್ನಿ."

ಹಿಂದೆ ಅಪ್ಪ ಹಂಚು ತುಂಬಿದ ಮಚವೆಯಲ್ಲಿ ಮುಂಬಯಿಗೆ ಹೋಗಿಬರುತ್ತಿದ್ದ. ಮರಳಿ ಬಂದ ಮೇಲೆ ಎರಡು ದಿನ ಅವನಿಗೆ ನೆಲ ತೂಗುತ್ತಿತ್ತು. ಅಂಗಳದಲ್ಲಿ ಕಾಲು ಅಗಲಿಸಿ ನಿಲ್ಲುತ್ತಿದ್ದ. ಹಡಗಿನಲ್ಲಿ ನೆಟ್ಟಗೆ ನಡೆಯುವವನು ಬಾಡದ ಗಟ್ಟಿ ನೆಲದಲ್ಲಿ ಬಾಗಿಲ ಚೌಕಟ್ಟು ಹಿಡಿಯುತ್ತಿದ್ದ. ಇದನ್ನು ಡಾಕ್ಟರಿಗೆ ಹೇಳಬಹುದಿತ್ತು. ಚೀಟಿ ತೆಗೆದುಕೊಂಡು ಎದ್ದೆ.

ಬೆಲ್ಲವನ್ನು ಗಂಗಿಗೆ ಕೊಟ್ಟೆ. ಹನ್ನೊಂದಕ್ಕೆ ಕೂರುವುದನ್ನು ಕಲಿತೆ. ತಾಳು ಎಂದು ಹೊಡೆದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಗೋಡೆ ನೋಡುವುದು. ಮೊದಲ ಐದು ನಿಮಿಷ ಈಗಲೇ ಸಾಯುತ್ತೇನೆ ಎನ್ನಿಸುತ್ತಿತ್ತು. ಆಮೇಲೆ ಅದೂ ಅನ್ನಿಸುತ್ತಿರಲಿಲ್ಲ. ಭಯ ಕೋಣೆಯಲ್ಲಿರುತ್ತಿತ್ತು, ನಾನು ಅದರ ಪಕ್ಕದಲ್ಲಿ ಇರುತ್ತಿದ್ದೆ. ಹನ್ನೆರಡನೆಯ ನಿಮಿಷದಲ್ಲಿ ಬೆವರು ಆರುತ್ತಿತ್ತು. ಇಪ್ಪತ್ತಕ್ಕೆ ಕೈ ನಿಲ್ಲುತ್ತಿತ್ತು. ಒಂದು ಒದ್ದೆ ಅಂಗಿಯನ್ನು ಕಳಚಿಟ್ಟಷ್ಟೇ, ಸಮಾಧಾನವೇನೂ ಇಲ್ಲ.

ತಂತಿಗಳು ತಡವಾಗತೊಡಗಿದವು. ಈರ ಭಟ್ಕಳದಿಂದ, "ದಾಸಣ್ಣ ಜಪಕ್ಕೆ ಕೂತ್ರು," ಎಂದು ಹೊಡೆಯುತ್ತಿದ್ದ. ಮೇಲಿನ ಕಚೇರಿಗೂ ಯಾರೋ ದೂರು ಬರೆದರು. ಡಿಸೆಂಬರ್ ಎರಡನೆಯ ವಾರ ಕಾಗದ ಬಂತು: ಎರಡು ಕಚೇರಿಗಳ ಕೀ ಕೆಲಸಗಾರರಿಗೆ ಪರೀಕ್ಷೆ. ಮೊದಲ ದಿನ ಭಟ್ಕಳ, ಮರುದಿನ ಹೊನ್ನಾವರ, ಹೊತ್ತು ಹನ್ನೊಂದು ಗಂಟೆ. ಕೊಟ್ಟ ಹಾಳೆಯನ್ನು ಕುಮಟೆಗೆ ಕಳಿಸಬೇಕು. ಮೂರಕ್ಕಿಂತ ಹೆಚ್ಚು ತಪ್ಪಾದರೆ ಕೀಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕುತ್ತಾರೆ.

ಪಾಂಡು ಅಂದು ಸಂಜೆ ತಂತಿಯಲ್ಲಿ ಕರೆದ.

"ಅವತ್ತೊಂದಿನ ಬೆಲ್ಲ ತಿನ್ನು."

"ಬ್ಯಾಡ."

"ಒಂದಿನ ತಿಂದ್ರೆ ಕಾಲು ಉದ್ರಿ ಬೀಳುದಿಲ್ಲ ಮಾರಾಯ."

ನಾನು ಕಚೇರಿ ಮುಚ್ಚುವ ಸಂಜ್ಞೆ ಹೊಡೆದು ಎದ್ದೆ.

ಒಂದು ದಿನ ತಿಂದರೆ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಹಾಗೆ ಒಂದೊಂದೇ ದಿನ ತಿಂದೇ ನಾನು ಹಳದಿ ಬಣ್ಣಕ್ಕೆ ಬಂದಿದ್ದೆ. ಪರೀಕ್ಷೆಯ ಮರುದಿನವೂ ಹನ್ನೊಂದು ಗಂಟೆಯಾಗುತ್ತದೆ. ಅಣ್ಣನೂ ನಾಳೆಯಿಂದ ಅನ್ನ ಕಮ್ಮಿ ಮಾಡುತ್ತೇನೆ ಎನ್ನುತ್ತಿದ್ದ. ಗಂಗಿಗೆ ವಿಷಯ ಹೇಳಿದಾಗ ಅವಳು ಬೆಲ್ಲದ ಪೊಟ್ಟಣವನ್ನು ತಂದು ನನ್ನ ಚೀಲದ ಪಕ್ಕದಲ್ಲಿಟ್ಟಳು.

"ತಿನ್ನಿ ಅಂತಲೂ ಹೇಳುದಿಲ್ಲ, ಬ್ಯಾಡ ಅಂತಲೂ ಹೇಳುದಿಲ್ಲ. ಆ ಕಟಕಟ ಇಲ್ದಿದ್ರೆ ನೀವು ಹ್ಯಾಂಗಿರ್ತ್ರಿ ನಂಗೆ ಗೊತ್ತಿಲ್ಲ."

ನಾನು ಪೊಟ್ಟಣವನ್ನು ಅಲ್ಲೇ ಬಿಟ್ಟು ಹೋದೆ.

ಪರೀಕ್ಷೆಗೆ ಬಂದ ಅಧಿಕಾರಿ ಲೆಕ್ಕಪತ್ರದ ಕಡೆಯವರು. ಕೀಯ ಸದ್ದು ಅವರಿಗೆ ಬರೀ ಸದ್ದು. ಗಡಿಯಾರ ಮೇಜಿನ ಮೇಲಿಟ್ಟು ಹಾಳೆ ಕೊಟ್ಟರು. ಬೆರಳು ಆಗಲೇ ಅಲುಗುತ್ತಿತ್ತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಹೊಡೆಯಲು ಶುರುಮಾಡಿದೆ. ಮೊದಲ ಸಾಲಿನಲ್ಲೇ ಒಂದು ಚುಕ್ಕೆ ಹೆಚ್ಚು ಬಿತ್ತು. ಅಂಕಿಗಳ ಹತ್ತಿರ ಬಂದಾಗ ಕೈ ತನ್ನಷ್ಟಕ್ಕೆ ಹೋಗುತ್ತಿತ್ತು. ನಾನು ತಪ್ಪುಗಳನ್ನು ಎಣಿಸಿದೆ: ಏಳು, ಬಹುಶಃ ಎಂಟು. ಬೇರೆಯವರ ತಪ್ಪು ಎಣಿಸಿದ ಹಾಗೆ ಎಣಿಸಿದೆ. ಹೊಡೆದು ಮುಗಿಸಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಅಧಿಕಾರಿ ಕುಮಟೆಗೆ ಫೋನು ಮಾಡಿದರು. ಅಲ್ಲಿಯ ಪೋಸ್ಟ್ ಮಾಸ್ತರರು ಪಾಂಡು ಬರೆದುಕೊಂಡದ್ದನ್ನು ಓದುತ್ತಿದ್ದರು. ಇವರು ಮೂಲ ಹಾಳೆಯ ಮೇಲೆ ಪೆನ್ಸಿಲು ಓಡಿಸುತ್ತ, "ಹೂಂ, ಹೂಂ," ಎನ್ನುತ್ತಿದ್ದರು. ಪೆನ್ಸಿಲು ಎಲ್ಲೂ ನಿಲ್ಲಲಿಲ್ಲ. ಅಂಕಿಗಳ ಮೇಲೂ ನಿಲ್ಲಲಿಲ್ಲ.

"ಒಂದೂ ತಪ್ಪಿಲ್ಲ," ಎಂದರು ಫೋನು ಇಟ್ಟು. "ಕೈ ಸ್ವಲ್ಪ ನಿಧಾನ, ಅಷ್ಟೆ. ನೀವು ವೃಥಾ ಹೆದರಿದ್ದೀರಿ. ನೋಡಿ, ಎಷ್ಟು ಬೆವರಿದ್ದೀರಿ."

ಹೇಗಾಯಿತು ಎಂದು ತಿಳಿಯಲು ನನಗೆ ಬಹಳ ಹೊತ್ತು ಬೇಕಾಗಲಿಲ್ಲ. ಹಿಂದಿನ ದಿನ ಭಟ್ಕಳದಲ್ಲಿ ಈರನಿಗೂ ಅದೇ ಹಾಳೆ ಕೊಟ್ಟಿದ್ದರು, ಒಂದೇ ತಂತಿಯಾದ್ದರಿಂದ ನನಗೂ ಅದು ಕೇಳಿಸಿತ್ತು. ಅದನ್ನೂ ಬರೆದುಕೊಂಡವನು ಪಾಂಡುವೇ. ಇಂದು ಅವನು ನನ್ನನ್ನು ಕೇಳಿಸಿಕೊಂಡು ಬರೆದಿರಲಿಲ್ಲ. ನಿನ್ನೆಯ ಪ್ರತಿಯನ್ನು ಎದುರಿಗಿಟ್ಟುಕೊಂಡು ಬರೆದಿದ್ದ.

ಅಧಿಕಾರಿ ಪೋಸ್ಟ್ ಮಾಸ್ತರರ ಕೋಣೆಗೆ ಚಾ ಕುಡಿಯಲು ಹೋದರು. ಆಗ ಕಿಟಕಿಗೆ ಒಬ್ಬ ಹೆಂಗಸು ಬಂದಳು. ಮೀನಿನ ಬುಟ್ಟಿ ಇನ್ನೂ ಕಂಕುಳಲ್ಲೇ ಇತ್ತು. ಹೆಸರು ಮಾಸ್ತಮ್ಮ, ಮಗ ವಾಸ್ಕೋದಲ್ಲಿ ದೋಣಿಯ ಮೇಲೆ ಇದ್ದಾನೆ.

"ಅಪ್ಪಂಗೆ ಕಾಯ್ಲೆ ಜೋರದೆ, ಕೂಡ್ಲೆ ಬಾ ಅಂತ ಹಾಕಿ, ಬಾಬು. ಗುರುವಾರದೊಳ್ಗೆ ಬಾ ಅಂತ. ಸುಕ್ರಾರಕ್ಕೆ ಅವ್ರ ದೋಣಿ ಹೊರಟೋತದೆ."

ನಾನು ಕಾಗದ ತೆಗೆದು ಬರೆಯತೊಡಗಿದೆ. ಅಕ್ಷರ ಅಲುಗಿದವು. ಅವಳು ನೋಡಿದಳು.

"ನಿಮ್ಗೂ ಆರಾಮಿಲ್ವಾ?"

"ಸಕ್ಕರೆ ಕಾಯಿಲೆ."

"ಕಮ್ಮಿಯಾ ಜಾಸ್ತಿಯಾ? ನಮ್ಮ ಓಣಿಯಲ್ಲಿ ಒಬ್ಬವ್ರಿಗೆ ಕಮ್ಮಿಯಾತದೆ."

"ಈಗ ಸರಿ ಉಂಟು."

"ಸರಿ ಇದ್ರೆ ಎಂತಕ್ಕೆ ನಡುಗುದು?"

ನಾನು ಪೆನ್ನು ಕೆಳಗಿಟ್ಟೆ. ಅವಳು ಬುಟ್ಟಿಯನ್ನು ನೆಲಕ್ಕಿಟ್ಟಳು. ಅವಳ ಮಗನ ಹೆಸರು, ಊರು, ವಾರ, ಇದು ಯಾವುದೂ ಪಾಂಡುವಿನ ಹತ್ತಿರ ನಿನ್ನೆಯ ಪ್ರತಿಯಾಗಿ ಇರಲಿಲ್ಲ. ನನ್ನ ಕೈ ಹೇಳಿದ್ದೇ ಅವನಿಗೆ ತಲುಪುತ್ತಿತ್ತು. ಅವನು ಕರುಣೆಯಿಂದ ಊಹಿಸಿ ಸರಿಮಾಡಿದರೂ ಅದು ಅವನ ಊಹೆ. ಗುರುವಾರ ಶುಕ್ರವಾರವಾದರೆ ಮಗ ಆ ದಿನ ನೀರಿನ ಮೇಲಿರುತ್ತಾನೆ.

"ಇನ್ನೂ ಹನ್ನೆರಡು ನಿಮಿಷ ಕೂರಬೇಕು ಮಾಸ್ತಮ್ಮ," ಎಂದೆ. "ನನ್ನ ಕೈ ನಿಂತ ಮೇಲೆ ಕಳಿಸ್ತೆ. ಈಗ ಕಳಿಸಿದ್ರೆ ತಪ್ಪು ಹೋತದೆ."

"ಕೂರ್ತೆ," ಎಂದಳು. "ಕೂರುದೆಂತ."

ಕಿಟಕಿಯ ಆಚೆಯವರೊಬ್ಬರಿಗೆ ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಕಂಬಕ್ಕೆ ಒರಗಿ ಕೂತಳು. ನಾನು ಒಳಗೆ ಕೂತೆ. ಇಬ್ಬರೂ ಗಡಿಯಾರ ನೋಡಿದೆವು. ಕೈ ನಿಂತ ಮೇಲೆ ತಂತಿ ಹೊಡೆದೆ. ಗುರುವಾರ ಎಂಬುದನ್ನು ಎರಡು ಸಲ ಹೊಡೆದೆ. ಪಾಂಡು ತಿರುಗಿ ಹೊಡೆದು ತೋರಿಸಿದ, ಸರಿ ಇತ್ತು. ಮಾಸ್ತಮ್ಮ ಬುಟ್ಟಿ ಎತ್ತಿಕೊಂಡು ಹೋದಳು.

"ಪಾಸಾತಲ್ಲ?" ಎಂದು ಪಾಂಡು ಹೊಡೆದ. ಕೊನೆಗೆ ಅವನ ಉಸಿರಿನಷ್ಟು ಖಾಲಿ.

"ಆತು," ಎಂದೆ.

ಅವನು ಮಾಡಿದ್ದನ್ನು ನಾನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಅವನ ಕೆಲಸ ಹೋಗುತ್ತಿತ್ತು. ಹೇಳದಿದ್ದರೆ ನಾಳೆ ಹನ್ನೊಂದಕ್ಕೆ ಇನ್ನೊಬ್ಬರು ಕಿಟಕಿಗೆ ಬರುತ್ತಾರೆ, ಹನ್ನೆರಡು ನಿಮಿಷ ಕೂರಲು ಆಗದವರು. ಒಂದು ಕಾಗದ ತೆಗೆದು ಅರ್ಜಿ ಬರೆದೆ: ಸ್ವಂತ ಕಾರಣದಿಂದ ನನ್ನನ್ನು ಕೀಯಿಂದ ಬಿಡುಗಡೆ ಮಾಡಿ ಅಂಚೆಚೀಟಿಯ ಕಿಟಕಿಗೆ ಹಾಕಬೇಕು.

ಅಧಿಕಾರಿ ಅದನ್ನು ಎರಡು ಸಲ ಓದಿದರು.

"ಪಾಸಾಗಿದ್ದೀರಲ್ಲ."

"ಹೌದು."

"ಮತ್ತೆ ಯಾಕೆ?"

"ಬರೆದಿದ್ದೇನೆ ಸರ್."

ಅವರು ಪೋಸ್ಟ್ ಮಾಸ್ತರರ ಮುಖ ನೋಡಿದರು. ಪೋಸ್ಟ್ ಮಾಸ್ತರರು ಭುಜ ಕುಣಿಸಿದರು. ನನಗೆ ಬೇಸರವಾಗುತ್ತದೆ ಎಂದು ಕಾದೆ, ಆಗಲಿಲ್ಲ. ಅಂದು ಸಂಜೆ ಗಂಗಿ ಕೇಳಿದಳು:

"ತಿಂದ್ರಾ?"

"ಇಲ್ಲ."

"ಫೇಲಾ?"

"ಪಾಸು. ಆದ್ರೆ ಬಿಟ್ಟೆ."

ಅವಳು ತಟ್ಟೆ ಹಾಕಿದಳು.

ಅಂಚೆಚೀಟಿ ಹರಿಯಲು ಕೈ ನಡುಗಿದರೂ ನಡೆಯುತ್ತದೆ. ಹನ್ನೊಂದಕ್ಕೆ ನಡುಕ ಬರುತ್ತಿತ್ತು, ಜನ ನಿಲ್ಲುತ್ತಿದ್ದರು, ಚೀಟಿ ಕೆಲವೊಮ್ಮೆ ಅಂಚು ಬಿಟ್ಟು ಹರಿಯುತ್ತಿತ್ತು. ಒಳಗೆ ಕೀಯ ಮೇಲೆ ಅಂಕೋಲೆಯಿಂದ ಬಂದವನೊಬ್ಬ ಕೂತಿದ್ದ. ಅವನ ಕೈ ಹೇಗಿದೆ ಎಂದು ನಾನು ಗಮನ ಕೊಡಲಿಲ್ಲ. ಜನವರಿ ಕೊನೆಗೆ ನಡುಕ ವಾರಕ್ಕೆ ಎರಡು ಸಲಕ್ಕೆ ಇಳಿಯಿತು. ಫೆಬ್ರವರಿಯಲ್ಲಿ ನಿಂತಿತು. ಯಾವ ದಿನ ನಿಂತಿತೆಂದು ಹೇಳಲಾರೆ. ಒಮ್ಮೆ ಗಡಿಯಾರ ನೋಡಿದಾಗ ಹನ್ನೆರಡಾಗಿ ಹೋಗಿತ್ತು. ಡಾಕ್ಟರು ರಕ್ತ ನೋಡಿದರು, ನೂರಾ ಹನ್ನೆರಡು. ದೇಹ ಕಲಿತಿದೆ ಎಂದರು.

ಪಾಂಡು ಪತ್ರ ಬರೆದ. ಕೈ ಸರಿಯಾದರೆ ಮತ್ತೆ ಕೀ ಕೇಳು, ಕೇಳಿದರೆ ಕೊಡುತ್ತಾರೆ ಎಂದಿದ್ದ. ಕೇಳಬಹುದಿತ್ತು, ಆದರೆ ಆ ಕಟಕಟವಿಲ್ಲದೆ ಇರುವುದನ್ನೂ ನಾನು ಅಷ್ಟರಲ್ಲಿ ಕಲಿತಿದ್ದೆ. ಪತ್ರವನ್ನು ಮಡಚಿ ಜೇಬಿಗಿಟ್ಟೆ. ಎದುರಿಗೆ ಒಬ್ಬರು ಹದಿನೈದು ಪೈಸೆಯ ಕಾರ್ಡು ಎರಡು ಬೇಕು ಎಂದು ನಿಂತಿದ್ದರು. ಎಣಿಸಿ ಕೊಟ್ಟೆ.