ಬೆಂಕಿಯಿಲ್ಲದ ದೀಪ

ಮಗಳು ಹೋದ ಮೇಲೆ ಮಂಟಯ್ಯನ ಗುಡಿಸಲಿನಲ್ಲಿ ದೀಪ ಹಚ್ಚುವುದೇ ನಿಂತುಹೋಯಿತು. ಪದ್ಮಾವತಿ ಏಳನೇ ತರಗತಿಯ ಪರೀಕ್ಷೆಗೆ ಓದುತ್ತ ಓದುತ್ತ ತೂಕಡಿಸಿದ್ದಳು. ಸೀಮೆಎಣ್ಣೆ ಬುಡ್ಡಿ ಮಗುಚಿ ಲಂಗಕ್ಕೆ ಬೆಂಕಿ ಹತ್ತಿತು. ಆಸ್ಪತ್ರೆಯಲ್ಲಿ ಒಂದು ವಾರ ನರಳಿ ಕಣ್ಣು ಮುಚ್ಚಿದಳು. ಅಂದಿನಿಂದ ಅವಳ ತಾಯಿ ಸಿದ್ದಲಿಂಗಮ್ಮ ಮನೆಯೊಳಗೆ ಬುಡ್ಡಿ ತರಗೊಡಲಿಲ್ಲ. ಬೆಳಕಿರುವಾಗಲೇ ಅಂಗಳದ ಒಲೆಯಲ್ಲಿ ಹಿಟ್ಟು ಬೇಯಿಸಿ, ಕೆಂಡಕ್ಕೆ ನೀರು ಸುರಿದು, ಕತ್ತಲಾದೊಡನೆ ಮಲಗಿಬಿಡುವಳು. ಅವಳು ಬಿಕ್ಕುವುದು ಮಂಟಯ್ಯನಿಗೆ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ನಗರದಂಚಿನ ಹಿನಕಲ್ಲಿನ ಸುತ್ತ ಹೊಸ ಬಡಾವಣೆಗಳೆದ್ದು ಬೀದಿದೀಪಗಳು ಉರಿಯುತ್ತಿದ್ದವು. ಆಚೆಗಿದ್ದ ಈ ನಾಲ್ಕಾರು ಗುಡಿಸಲುಗಳಿಗೆ ಮಾತ್ರ ಹಕ್ಕುಪತ್ರವಿಲ್ಲದೆ ಕರೆಂಟು ಬರಲಿಲ್ಲ. ಸಿದ್ದಲಿಂಗಮ್ಮನ ತಮ್ಮ ದೇವರಾಜು ಜಯಲಕ್ಷ್ಮಿಪುರಂನ ಸೋಲಾರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಯಾರದೋ ಮನೆಯಿಂದ ಬಿಚ್ಚಿದ್ದ ಹಳೆಯ ಪ್ಯಾನಲ್ಲೊಂದನ್ನು ಒಂದು ಭಾನುವಾರ ತಂದ.

"ಇದ್ರಲ್ಲಿ ಬೆಂಕಿನೇ ಇಲ್ಲ ಭಾವ. ಬಿಸಿಲು ಬಿದ್ರೆ ಸಾಕು."

ಗುಡಿಸಲಿನ ತಗಡು ಭಾರ ತಡೆಯದೆಂದು ಪಕ್ಕದಲ್ಲೇ ಕಂಬ ನೆಟ್ಟು, ಅದರ ತುದಿಗೆ ಪ್ಯಾನಲ್ಲನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸಿದರು. ವೈರನ್ನು ಸಂದಿಯಿಂದ ಒಳಗೆಳೆದು, ಬ್ಯಾಟರಿಯನ್ನು ಹಲಗೆಯ ಮೇಲಿಟ್ಟು, ತೊಲೆಗೆ ಪುಟ್ಟ ಟ್ಯೂಬ್‌ಲೈಟು ಕಟ್ಟಿದರು. ಸಿದ್ದಲಿಂಗಮ್ಮ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ನಾಳೆ ಸಂಜೆವರ್ಗೂ ಸ್ವಿಚ್ ಮುಟ್ಬೇಡಿ, ಬ್ಯಾಟ್ರಿ ತುಂಬ್ಕೊಳ್ಳಿ" ಎಂದು ಹೇಳಿ ದೇವರಾಜು ಹೊರಟ.

ಮರುದಿನ ಸಂಜೆ ಮಂಟಯ್ಯ ಹೆಂಡತಿಯನ್ನು ಕರೆದು ಕೂರಿಸಿ ಸ್ವಿಚ್ ಒತ್ತಿದ. ಬೆಳ್ಳನೆಯ ಬೆಳಕು ಮೂಲೆಮೂಲೆಗೂ ಹೊಕ್ಕಿತು. ಅವನು ಅವಳ ಮುಖ ನೋಡಿದ. ಎಷ್ಟು ಸೊರಗಿದ್ದಳು! ಅವಳು ನೋಡುತ್ತಿದ್ದುದು ಮಾತ್ರ ಗೋಡೆಯನ್ನು. ಮಗಳು ಕೂತು ಓದುತ್ತಿದ್ದ ಕಡೆ ಮಸಿ ಆಳೆತ್ತರಕ್ಕೆ ಹಬ್ಬಿತ್ತು. ಹಗಲೆಲ್ಲ ರಾಮಕೃಷ್ಣನಗರದ ಮನೆಗಳಲ್ಲಿ ದುಡಿದು, ಕತ್ತಲಿಗೆ ಮಲಗುತ್ತಿದ್ದವಳು ಅದನ್ನು ಹೀಗೆ ಎದುರಿಗಿಟ್ಟುಕೊಂಡು ಕೂತಿರಲಿಲ್ಲ.

"ಆವತ್ತೇ ಹಾಕ್ಸಿದ್ರೆ ಆಯ್ತಿತ್ತಲ್ಲ" ಎಂದಳು ಮೆಲ್ಲಗೆ.

ಮಂಟಯ್ಯನೂ ಗೋಡೆಯ ಕಡೆ ತಿರುಗಿದ.

"ಆರ್ಸಿ" ಎಂದಳು.

ಆರಿಸಿದ. ಮುಂದಿನ ಭಾನುವಾರ ಗೋಡೆಗೆ ಸುಣ್ಣ ಬಳಿದ. ಒಣಗುತ್ತಲೇ ಮಸಿ ಮತ್ತೆ ಮೇಲೆದ್ದಿತು. ಇನ್ನೊಂದು ಸಲ ಬಳಿದ, ಆಗಲೂ ಹಾಗೇ. ದೀಪ ಹಾಕಿದರೆ ಅವಳು ಎದ್ದು ಹೊರಗಿನ ಕಲ್ಲಿನ ಮೇಲೆ ಕೂರುವಳು, ಆರಿಸಿದ ಮೇಲೆ ಒಳಗೆ ಬರುವಳು. ಮಂಟಯ್ಯ ಸ್ವಿಚ್ ಮುಟ್ಟುವುದನ್ನೇ ಬಿಟ್ಟ.

ಕೊನೆಗೆ ಅವಳೇ ಬಾಯಿಬಿಟ್ಟಳು: "ಕೆಂಪಯ್ಯನ ಮನೆಗೆ ಕೊಟ್ಬುಡಿ. ಅಲ್ಲಿ ಓದೋ ಮಕ್ಳವೆ."

ದೇವರಾಜು ಮತ್ತೆ ಬಂದ. ಪಕ್ಕದ ಕೆಂಪಯ್ಯನ ಗುಡಿಸಲಿನ ಬಳಿ ಹೊಸ ಗುಂಡಿ ತೋಡಿ ಕಂಬ ನೆಟ್ಟರು. ಆ ಸಂಜೆ ಅಲ್ಲಿಂದ ಹೆಣ್ಣುಮಕ್ಕಳಿಬ್ಬರು ಗಟ್ಟಿಯಾಗಿ ಪಾಠ ಓದುವುದು ಕೇಳಿತು. ಸಿದ್ದಲಿಂಗಮ್ಮ ಬಾಗಿಲೆಳೆದುಕೊಂಡು ಕತ್ತಲಲ್ಲಿ ಮಲಗಿದಳು. ಪಕ್ಕದಲ್ಲೇ ಮಂಟಯ್ಯನೂ ಒರಗಿದ.

ಎಷ್ಟೋ ಹೊತ್ತಿನ ಮೇಲೆ ಕೇಳಿದಳು: "ಆ ಮಕ್ಳು ದೀಪದ ಹತ್ರ ಕೂತ್ಕೊಂಡಿಲ್ಲ ತಾನೆ?"

"ಅದ್ರಲ್ಲಿ ಬೆಂಕಿ ಇಲ್ಲ ಕಣಮ್ಮಿ."

"ಗೊತ್ತು" ಎಂದಳು. ಆದರೂ ಎದ್ದು ಹೋಗಿ, ಬಾಗಿಲು ಕೊಂಚ ತೆರೆದು, ಅತ್ತಲೇ ನೋಡುತ್ತ ನಿಂತಳು.