ಅಳಿಸಿಹೋದ ನಾಲ್ಕು ಸಾಲು

ಇದನ್ನೊಂದು ಪೂರ್ತಿ ಕೇಳಿಬಿಡಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ಪೀಣ್ಯದಲ್ಲಿ ನಾವು ಲಿಫ್ಟ್‌ಗಳ ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಅದರೊಳಗಿನ ಕೋಡನ್ನು ಇಷ್ಟು ವರ್ಷ ಬರೆದವರು ಸೀನಿಯರ್ ಉಪೇಂದ್ರ ಸರ್. ನಾನು ಸೇರಿದ ಮೇಲೆ ಹಠ ಹಿಡಿದೆ: ಕೋಡ್ ಬರೆಯುವುದು ಬೇಡ, ಮಾಡೆಲ್ ಬಿಡಿಸೋಣ. ಬಾಗಿಲು ತೆರೆದಿದೆ, ಮುಚ್ಚುತ್ತಿದೆ, ಮುಚ್ಚಿದೆ ಎಂದು ಚೌಕಗಳು, ನಡುವೆ ಬಾಣಗಳು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದಾಗಲೆಲ್ಲ ಹಳೆಯ ಕೋಡ್ ಅಳಿಸಿ, ಆ ಚಿತ್ರದಿಂದ ಹೊಸದು ತಾನಾಗಿ ಹುಟ್ಟುತ್ತದೆ. ಹಾಗೆ ಹುಟ್ಟಿದ್ದನ್ನು ಯಾರೂ ಕೈಯಿಂದ ತಿದ್ದಬಾರದು, ಅಷ್ಟೇ.

ಮಾಲಕಿ ಸೀತಾಲಕ್ಷ್ಮಿ ಮೇಡಂ ಷರತ್ತು ಹಾಕಿದರು. ಕುಂದಲಹಳ್ಳಿಯ ಬಿಲ್ಡರ್ ಎದುರು ಡೆಮೊ ಸರಿಯಾದರೆ ಎಲ್ಲ ಪ್ಯಾನೆಲ್‌ಗೂ ಮಾಡೆಲ್. ಇಲ್ಲದಿದ್ದರೆ ಹಳೇ ದಾರಿ.

ಡೆಮೊ ದಿನ ಬೆಳಿಗ್ಗೆ ಮಾಡೆಲ್‌ನಲ್ಲಿ ಡಿಸ್‌ಪ್ಲೇಯ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಗುಂಡಿ ಒತ್ತಿದೆ. ಪರೀಕ್ಷೆಗೆಂದು ನಿಲ್ಲಿಸಿದ್ದ ಬಾಗಿಲಿಗೆ ರಟ್ಟಿನ ಡಬ್ಬಿ ಅಡ್ಡ ಹಿಡಿದರೆ, ಅಪ್ಪಚ್ಚಿ! ಹಿಂದಿನ ದಿನ ಸರಿಯಾಗಿ ತೆರೆದುಕೊಂಡಿತ್ತು.

ಉಪೇಂದ್ರ ಸರ್ ಓಡಿ ಬಂದರು. "ಸುಕೃತಿ, ನನ್ನ ನಾಲ್ಕು ಲೈನ್ ಹೊಡ್ದಾಕ್ಬಿಟ್ಯೇನಮ್ಮ?"

"ಯಾವ ಲೈನ್ ಸಾರ್?"

"ಬಾಗಿಲಿಗೆ ಏನಾದ್ರೂ ಅಡ್ಡ ಬಂದ್ರೆ ಸೆನ್ಸರ್ ಲೇಟಾಗಿ ಹೇಳ್ತಿತ್ತು. ಕೋಡಲ್ಲೇ ತಿದ್ದಿಟ್ಟಿದ್ದೆ. ನಿನ್ನ ಬಾಣ ಹುಡುಕ್ಕೊಂಡು ಯಾರ್ ಕೂರ್ತಾರೆ?"

"ಮುಟ್ಬೇಡಿ ಅಂತ ಗೋಡೆಗೆ ಅಂಟ್ಸಿದ್ನಲ್ಲ ಸಾರ್!"

"ಅಂಟ್ಸಿದ್ದೆ. ಅದ್ರ ಮೇಲೆ ಕ್ಯಾಲೆಂಡರ್ ನೇತಾಕಿದೀನಿ." ಆಗಲೇ ಕೀಬೋರ್ಡ್ ಎಳೆದುಕೊಂಡಿದ್ದರು. "ಈಗ್ಲೇ ವಾಪಸ್ ಹಾಕ್ತೀನಿ ಬಿಡು. ಒಳಗೇನಿದೆ ಅಂತ ಬಿಲ್ಡರ್ ಬಗ್ಗಿ ನೋಡ್ತಾನಾ?"

ಹಾಕಿದ್ದರೆ ಡೆಮೊ ಗೆಲ್ಲುತ್ತಿತ್ತು, ಮಾಡೆಲ್ಲೂ ಗೆಲ್ಲುತ್ತಿತ್ತು. ಆದರೆ ಆ ಸಾಲುಗಳು ಮಾಡೆಲ್‌ನಲ್ಲೇ ಇಲ್ಲ! ಮುಂದೊಂದು ದಿನ ಯಾರೋ ಮತ್ತೆ ಗುಂಡಿ ಒತ್ತುತ್ತಾರೆ, ಆಗ ಬಾಗಿಲಿಗೆ ಸಿಕ್ಕುವುದು ಡಬ್ಬಿಯಲ್ಲ. ಮಾಡೆಲ್‌ನಲ್ಲಿ ಬಾಣ ಹಾಕುವುದು ಸುಲಭ, ಆದರೆ ಎಲ್ಲ ರೀತಿಯಲ್ಲೂ ಪರೀಕ್ಷಿಸಲು ಇಡೀ ದಿನ ಬೇಕಿತ್ತು.

ಹೋಗಿ ಮೇಡಂಗೆ ಹೇಳಿಬಿಟ್ಟೆ.

"ಬಿಲ್ಡರ್ ಇಲ್ಲೇ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿದಾರೆ, ಇನ್ನೇನು ಬಂದೇಬಿಟ್ರು ಕಣೇ! ಈಗ ಹೇಳ್ತಿದೀಯಲ್ಲ!" ಎಂದರು. ಹಳೇ ಪ್ಯಾನೆಲ್ಲನ್ನೇ ತೋರಿಸಿ ಆರ್ಡರ್ ಹಿಡಿದರು. ಷರತ್ತು ಷರತ್ತೇ, ಮಾಡೆಲ್ ಮೂಲೆ ಸೇರಿತು.

ಸಂಜೆ ಉಪೇಂದ್ರ ಸರ್ ಕುರ್ಚಿ ಎಳೆದುಕೊಂಡು ಪಕ್ಕ ಕೂತರು. "ಆ ಬಾಣ ಎಲ್ಲಿ ಹಾಕ್ಬೇಕಿತ್ತು, ತೋರ್ಸು. ಒಪ್ಕೊಂಡೆ ಅಂದ್ಕೋಬೇಡ, ಸುಮ್ನೆ ಕೇಳ್ತಿದೀನಿ."

ತೋರಿಸಿದೆ. ಬಾಣ ಹಾಕಿ ಡಬ್ಬಿ ಅಡ್ಡ ಹಿಡಿದೆವು, ಬಾಗಿಲು ತೆರೆದುಕೊಂಡಿತು. ನೋಡಲು ಬಿಲ್ಡರ್ ಇರಲಿಲ್ಲ.

ಈಗ ನೀವು ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ದರೆ ಆ ನಾಲ್ಕು ಸಾಲು ಹಾಕಲು ಬಿಡುತ್ತಿದ್ದಿರಾ?