ನಾಳಿದ್ದಿನ ನೀರು

ಅಳತೆ ಟೇಪು ಸರಸರನೆ ಇಳಿಯಿತು, ಇಳಿಯುತ್ತಲೇ ಹೋಯಿತು, ಕೊನೆಗೆ ಠಣ್ಣೆಂದು ಬಂಡೆಗೆ ಬಡಿಯಿತು. ನೀರಿಲ್ಲ. ಟೇಪಕ್ಕ ಅದನ್ನು ಮೇಲೆಳೆದು ಮತ್ತೊಮ್ಮೆ ಇಳಿಬಿಟ್ಟಳು. ಮತ್ತೆ ಠಣ್.

ಟೇಪಕ್ಕ ಎಂಬುದು ಊರಿನವರಿಟ್ಟ ಹೆಸರು. ಬಂದಾಗಲೆಲ್ಲ ಬಾವಿಗೆ ಟೇಪು ಇಳಿಬಿಟ್ಟು ಬಗ್ಗಿ ನೋಡುವ ಸಂಶೋಧಕಿಯನ್ನು ಇನ್ನೇನೆಂದು ಕರೆದಾರು? ಮಳೆ ಕೈಕೊಡುವ ಕಾಲಕ್ಕೆ ಆದೀತೆಂದು ಊರ ಸುತ್ತ ಇಂಗುಗುಂಡಿ ತೋಡಿಸಿದವಳು ಅವಳೇ. ಬೇಸಿಗೆಯಲ್ಲೂ ಬಾವಿಯ ಮಟ್ಟ ಇಳಿದಿಲ್ಲವೆಂದು ವರ್ಷವರ್ಷವೂ ಬರೆದು, ಅದರ ಮೇಲೆಯೇ ಡಾಕ್ಟರೇಟು ಪಡೆದು, ಜಲ ಸಂಶೋಧನಾ ಸಂಸ್ಥೆಯಲ್ಲೊಂದು ತಾತ್ಕಾಲಿಕ ಕೆಲಸ ಹಿಡಿದಿದ್ದಳು. ಈ ಬೇಸಿಗೆಯ ಅಳತೆಯೂ ಚೆನ್ನಾಗಿ ಬಂದರೆ ಕೆಲಸ ಕಾಯಂ.

ಪಂಪು ನಡೆಸುವವನು ಏದುಸಿರು ಬಿಡುತ್ತ ಬಂದ. "ಅಯ್ಯೋ ಅಕ್ಕಾ, ನಾಳಿದ್ದು ಬರ್ತೀನಿ ಅಂದಿದ್ರಲ್ಲ! ಹೀಗೆ ಹೇಳದೆ ಕೇಳದೆ ಬಂದ್ರೆ?"

"ಪಕ್ಕದೂರಿನ ಕೆಲಸ ಬೇಗ ಮುಗೀತು. ನೀರೆಲ್ಲಿ?"

"ಒಸರಿದ್ದನ್ನೆಲ್ಲ ಪಂಪು ಆಗಿಂದಾಗಲೇ ನಲ್ಲಿಗೆ ಎಳೀತಿದೆ. ನಾಳಿದ್ದು ಇರುತ್ತೆ ಬಿಡಿ." ಅವನು ನಕ್ಕ. "ನೀವು ಬರೋ ಮುಂಚೆ ಎರಡು ದಿನ ಪಂಪು ನಿಲ್ಲಿಸ್ತೀವಲ್ಲ, ಒಸರಿ ಒಸರಿ ತುಂಬ್ಕೊಳ್ಳುತ್ತೆ."

"ಪ್ರತಿ ಸಲಾನೂ?"

"ಹೂಂ ಮತ್ತೆ! ಮೊದಲ್ನೇ ಸಲ ನೀರು ಕಮ್ಮಿ ಅಂತ ನಿಮ್ಮ ಮುಖ ಇಷ್ಟು ಚಿಕ್ಕದಾಗಿತ್ತು. ನಮ್ಮಮ್ಮ ಅಂದ್ಲು, ಪಾಪ, ಅಷ್ಟು ದೂರದಿಂದ ಬರೋ ಹುಡುಗಿ, ಅಳುಮುಖ ಹೊತ್ಕೊಂಡು ಹೋಗೋದು ಬೇಡ ಅಂತ."

"ಆ ಎರಡು ದಿನ ನೀವೇನ್ ಕುಡೀತೀರಿ?"

"ಹೆಂಗಸ್ರು ಹಳ್ಳದಿಂದ ಹೊತ್ತು ತರ್ತಾರೆ. ಬೈಕೊಂಡೇ ತರ್ತಾರೆ ಅನ್ನಿ. ನಿಮಗಲ್ಲ, ನನಗೆ!"

ಅವಳಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸಂಸ್ಥೆಯ ನಿರ್ದೇಶಕರು.

"ಏನಮ್ಮಾ, ಅಳತೆ ಆಯ್ತಾ? ನಿನ್ನ ಇಂಗುಗುಂಡಿ ಇಡೀ ಜಿಲ್ಲೆಗೇ ಬರುತ್ತೆ, ಜಿಲ್ಲಾ ಸಮಿತಿಯವರು ಒಪ್ಪಿದ ಹಾಗೇನೇ. ನಿನ್ನ ಕಾಯಂ ಆರ್ಡರೂ ಟೈಪಾಗ್ತಿದೆ."

"ಸರ್, ಈ ಬಾವಿ..."

"ಬಾವಿಗೇನಾಯ್ತು?"

ಹೇಳಬೇಕಾದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ಅಷ್ಟೂ ವರ್ಷದ ಅಳತೆ ನೀರಿನಲ್ಲಿ ಹೋಮ. ಹೇಳದಿದ್ದರೆ ಇಡೀ ಜಿಲ್ಲೆ ಈ ಗುಂಡಿಗಳನ್ನು ನಂಬಿ ಕೂರುತ್ತದೆ.

"ಏನಿಲ್ಲ ಸರ್. ನಾಳಿದ್ದು ಅಳೀತೀನಿ."

ಪಂಪಿನವನ ಮುಖ ಅರಳಿತು. "ಹಂಗಾದ್ರೆ ಈಗ್ಲೇ ನಿಲ್ಲಿಸ್ಲಾ ಅಕ್ಕಾ?"

ಇಷ್ಟು ದಿನ ಅವನು ಅವಳನ್ನು ಕೇಳದೆಯೇ ನಿಲ್ಲಿಸುತ್ತಿದ್ದ. ಟೇಪು ಸುತ್ತುತ್ತ, ಅವನ ಮುಖ ನೋಡದೆ ಅಂದಳು, "ನಿಲ್ಲಿಸು."

ಬಾವಿಯೆದುರಿನ ಬೀದಿ ನಲ್ಲಿಯ ನೀರು ಎಳೆಯಾಗಿ, ನಿಂತುಹೋಯಿತು. ಅರ್ಧ ತುಂಬಿದ ಕೊಡ ಹಿಡಿದಿದ್ದ ಹೆಂಗಸು ಗೊಣಗುತ್ತ ತಲೆಯೆತ್ತಿದಳು. ಟೇಪು ಹಿಡಿದವಳನ್ನು ಕಂಡದ್ದೇ ಗೊಣಗಾಟ ನುಂಗಿಕೊಂಡು, "ಓ, ಟೇಪಕ್ಕ ಬಂದ್ರಾ? ಬಿಸಿಲಲ್ಲಿ ಬಂದಿದೀರಿ, ತಗೊಳ್ಳಿ, ಕುಡೀರಿ," ಎಂದು ಆ ಅರ್ಧ ಕೊಡವನ್ನೇ ಮುಂದೆ ಬಗ್ಗಿಸಿದಳು.

ಟೇಪಕ್ಕ ಬೊಗಸೆಯೊಡ್ಡಿ ಕುಡಿದಳು.